ಜೋಳಿಗೆಯ ಧರ್ಮವೂ ಅದರ ಲೆಕ್ಕವೂ

ಶ್ರಾವಣಮಾಸದ ಸೋಮವಾರಗಳಂದು ಶ್ರೀಮಠದ ಜೋಳಿಗೆಯು ಮಸ್ಕಿಯ ಬೀದಿಗಳಲ್ಲಿ ಹೊರಡುವ ಪದ್ಧತಿಯು ಈ ಸಂಪುಟವನ್ನು ಓದುವ ಸದ್ಭಕ್ತರಿಗೆಲ್ಲ ವಿದಿತವಾದುದೇ. ಬೆಟ್ಟದ ಮಲ್ಲಿಕಾರ್ಜುನನ ದರ್ಶನಕ್ಕಾಗಿ ಬಂದ ಪರಸ್ಥಳದವರೂ ಅಂದು ಪೇಟೆಯಲ್ಲಿ ನೆರೆದಿರುವುದರಿಂದ ಜೋಳಿಗೆಯು ಬೇಗನೆ ತುಂಬುವುದು. ಇಂಥದೊಂದು ಸೋಮವಾರ ನಾನು ಪಾಠಶಾಲೆಯ ವಟುಗಳ ಸಂಗಡ ಹೋಗಿದ್ದಾಗ, ಸಂತೆಯ ಹಾದಿಯಲ್ಲಿ ಕಾಯಿಪಲ್ಲೆಯನ್ನಿಟ್ಟುಕೊಂಡು ಕುಳಿತಿದ್ದ ಒಬ್ಬ ಮುದುಕಿಯು ಬೊಗಸೆ ತುಂಬ ಜೋಳವನ್ನೆತ್ತಿ, ನೀಡುವ ಮುನ್ನ ಕೈಯನ್ನು ಅಲ್ಲಿಯೇ ತಡೆದು, “ಹ್ವಾದ ವರ್ಸ ನೀಡಿದ ಜ್ವಾಳ ಯಾರ ಹೊಟ್ಟಿಗಿ ಹೋತ್ರಿ, ಅಯ್ಯನೋರ?” ಎಂದು ಕೇಳಿದಳು. ನನಗೆ ಮೋರೆಯ ಮೇಲೆ ಹೊಡೆದಂತಾಯಿತು. ಶ್ರೀಮಠದ ಜೋಳಿಗೆಯನ್ನು ಹೀಗೆ ಕೇಳುವುದುಂಟೆ ಎಂದು ಮನಸ್ಸಿನಲ್ಲಿ ಸಿಡುಕಿದೆನು. ಆದರೆ ನನ್ನ ಪಕ್ಕದಲ್ಲಿದ್ದ ಚಿಕ್ಕ ವಟುವು, “ನನ್ನ ಹೊಟ್ಟಿಗಿ ಹೋಗೈತಬೇ ಅವ್ವ” ಎಂದನು. ಮುದುಕಿಯು ನಕ್ಕು ಜೋಳವನ್ನು ಸುರಿದಳು.

ವಟುವು ಹೇಳಿದುದು ಸತ್ಯವೇ. ಆದರೆ ಜೋಳಿಗೆಗೆ ಬಿದ್ದುದೆಲ್ಲವೂ ಅವನೊಬ್ಬನ ಹೊಟ್ಟೆಗೆ ಹೋದುದಲ್ಲ. ಉಳಿದುದರ ವಿಷಯವನ್ನು ಅವಳು ಕೇಳಿದ್ದರೆ ನಾನು ಆ ಕ್ಷಣದಲ್ಲಿ ಏನೂ ಹೇಳಲಾರದೆ ಹೋಗುತ್ತಿದ್ದೆನು. ಆದಕಾರಣ, ನೀಡಿದವರು ಕೇಳುವ ಈ ಮಾತು ಅಶ್ರದ್ಧೆಯ ಮಾತೋ, ಅಥವಾ ದಾನಧರ್ಮದೊಳಗಣ ಮಾತೇಯೋ ಎಂಬುದನ್ನು ನಮ್ಮ ನಾಡಿನ ಚರಿತ್ರೆಯ ಆಧಾರದಿಂದ ವಿಚಾರಿಸಬೇಕೆಂಬುದೇ ಈ ಲೇಖನದ ಉದ್ದೇಶವು.

ಮೊದಲು ನಮ್ಮೂರ ಕಲ್ಲಿನಿಂದಲೇ ಆರಂಭಿಸುವೆನು. 1915ನೆಯ ಇಸವಿಯ ಜನವರಿಯಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರನು ಮಸ್ಕಿಯ ಬಂಡೆಯ ಮೇಲಿನ ಬರಹವನ್ನು ಕಂಡನು. ಅದು ಮೌರ್ಯ ಚಕ್ರವರ್ತಿಯ ಶಾಸನವೆಂದು ತಿಳಿದುಬಂದಿತು. ಅಲ್ಲಿಯವರೆಗೆ ದೊರೆತಿದ್ದ ಶಾಸನಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳು ಮಾತ್ರ ಇದ್ದುವು. ಅಶೋಕನೆಂಬ ಹೆಸರು ಸ್ಪಷ್ಟವಾಗಿ ಕಂಡುಬಂದುದು ಮಸ್ಕಿಯಲ್ಲಿಯೇ. ಇದನ್ನು ಹೇಳಿ ಹೆಮ್ಮೆಪಡುವವರು ನಮ್ಮಲ್ಲಿ ಬಹಳ ಮಂದಿ. ಅದರಲ್ಲಿ ಬರೆದಿರುವುದೇನೆಂದು ಕೇಳಿದರೆ ಹೇಳುವವರು ಕಡಮೆ. ಧರ್ಮದ ಫಲವು ದೊಡ್ಡವರಿಗೆ ಮಾತ್ರ ಸಲ್ಲುವುದೆಂದು ಭಾವಿಸಲಾಗದು, ಸಣ್ಣವನೂ ಅದನ್ನು ಪಡೆಯಬಲ್ಲನು ಎಂಬುದು ಅದರ ತಾತ್ಪರ್ಯವು. ಬೊಗಸೆ ಜೋಳವನ್ನು ನೀಡುವವರಿಗೆ ಇದಕ್ಕಿಂತ ಹತ್ತಿರದ ಮಾತು ಬೇರೆ ಬೇಕೆ?

ಇದೇ ಅರಸನ ಇನ್ನೊಂದು ಶಾಸನವು ನಮ್ಮ ವಿಷಯಕ್ಕೆ ಇನ್ನೂ ಸಮೀಪವಾದುದು. ಪ್ರಯಾಗದ ಕಂಬದ ಮೇಲೆ ರಾಣಿಯ ಶಾಸನವೆಂದು ವಿದ್ವಾಂಸರು ಕರೆಯುವ ಒಂದು ಆಜ್ಞೆಯಿದೆ. ಎರಡನೆಯ ರಾಣಿಯಾದ, ತೀವರನ ತಾಯಿ ಕಾರುವಾಕಿಯು ಏನನ್ನು ದಾನಮಾಡಿದರೂ, ಮಾವಿನ ತೋಪಾಗಲಿ, ಉದ್ಯಾನವಾಗಲಿ, ದಾನಶಾಲೆಯಾಗಲಿ, ಅದೆಲ್ಲವೂ ಆ ರಾಣಿಯದೆಂದೇ ಎಣಿಸಲ್ಪಡಬೇಕೆಂದು ಮಹಾಮಾತ್ರರಿಗೆ ವಿಧಿಸಲಾಗಿದೆ. ಚಕ್ರವರ್ತಿಯ ಮನೆಯೊಳಗೇ ಒಬ್ಬರ ದಾನವು ಮತ್ತೊಬ್ಬರ ದಾನದೊಡನೆ ಕಲೆತುಹೋಗಬಾರದೆಂಬ ಎಚ್ಚರವಿದು. ಕೊಟ್ಟವರ ಹೆಸರನ್ನೂ ಕೊಟ್ಟ ವಸ್ತುವನ್ನೂ ಬೇರೆಬೇರೆಯಾಗಿ ಬರೆದಿಡುವ ಪದ್ಧತಿಯು ಈ ನಾಡಿನಲ್ಲಿ ಎರಡು ಸಾವಿರ ವರ್ಷಗಳಿಗೂ ಹಿಂದಿನದೆಂದು ಇದರಿಂದ ತಿಳಿಯಬರುತ್ತದೆ.

ಚಾಲುಕ್ಯರ ಕಾಲಕ್ಕೆ ಬಂದರೆ ನಮ್ಮ ಮಸ್ಕಿಯು ಪಿರಿಯ ಮೊಸಂಗಿಯೆನಿಸಿದ್ದಿತು. ಆ ಕಾಲದ ದಾನಶಾಸನಗಳನ್ನು ಓದಿದವರಿಗೆ ಅವು ಸ್ತುತಿಪಾಠಗಳಂತೆ ಮೊದಲಾಗಿ ಲೆಕ್ಕದ ಪುಸ್ತಕಗಳಂತೆ ಮುಗಿಯುವುದು ಕಾಣುವುದು. ಎಷ್ಟು ಮತ್ತರು ಭೂಮಿ, ಅದರ ಮೂಡಣ ಗಡಿ ಯಾವುದು, ಪಡುವಣ ಗಡಿ ಯಾವುದು, ಆ ಉತ್ಪತ್ತಿಯಲ್ಲಿ ದೇವರ ಅಂಗಭೋಗಕ್ಕೆಷ್ಟು, ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆಷ್ಟು, ತಪೋಧನರ ಆಹಾರಕ್ಕೆಷ್ಟು, ಓದುವ ಮಾಣಿಗಳ ಅಶನಾಚ್ಛಾದನಕ್ಕೆಷ್ಟು ಎಂದು ಕಲ್ಲಿನಲ್ಲಿ ಕೊರೆದಿಡುತ್ತಿದ್ದರು. ದಾನವನ್ನು ಸ್ವೀಕರಿಸುವ ಆಚಾರ್ಯನು ನೈಷ್ಠಿಕನಾಗಿರಬೇಕು, ತಪ್ಪಿದರೆ ಅವನನ್ನು ಸ್ಥಾನದಿಂದ ಹೊರಡಿಸಬೇಕೆಂಬ ನಿಯಮವೂ ಕೆಲವು ಶಾಸನಗಳಲ್ಲಿ ಉಂಟು. ದಾನವನ್ನು ಕೊಡುವುದಕ್ಕಿಂತ ಕೊಟ್ಟ ದಾನವನ್ನು ಪಾಲಿಸುವುದೇ ಮಿಗಿಲೆಂಬ ಅರ್ಥದ ಶ್ಲೋಕವು ಶಾಸನಗಳ ಕೊನೆಯಲ್ಲಿ ಪದೇ ಪದೇ ಬರುವುದು. ನಾವು ಶಾಸನದ ಶಾಪವಾಕ್ಯಗಳನ್ನು ಓದಿ ಬೆರಗಾಗುತ್ತೇವೆ. ಆ ಶಾಪಗಳೆಲ್ಲವೂ ಕೊಡದವನ ಮೇಲಲ್ಲ, ಕೊಟ್ಟುದನ್ನು ಕೆಡಿಸಿದವನ ಮೇಲೆ ಎಂಬುದನ್ನು ಗಮನಿಸುವುದಿಲ್ಲ.

ಬಳ್ಳಿಗಾವಿಯ ಕೋಡಿಯ ಮಠದ 1162ನೆಯ ಇಸವಿಯ ಶಾಸನವು ಇಂತಹ ಬರಹಗಳಲ್ಲಿ ಶಿರೋಮಣಿಯು. ಅಲ್ಲಿ ಏನೇನು ಓದಿಸಲ್ಪಡುತ್ತಿತ್ತೆಂಬುದಷ್ಟೇ ಅಲ್ಲ, ಕುಂಟರು, ಕುರುಡರು, ಕಿವುಡರು, ಹಾಡುವವರು, ಅಲೆಮಾರಿಗಳು ಮೊದಲಾದವರಿಗೆ ಅನ್ನವೂ ರೋಗಿಗಳಿಗೆ ಔಷಧವೂ ದೊರೆಯುವ ಸ್ಥಾನವಿದೆಂದು ಒಬ್ಬೊಬ್ಬರನ್ನಾಗಿ ಹೆಸರಿಸಿ ಹೇಳಿದೆ. ಉಣ್ಣುವವರಾರೆಂಬುದನ್ನು ಕಲ್ಲು ಮೊದಲೇ ಹೇಳಿಬಿಟ್ಟ ಮೇಲೆ ಯಾವ ಮುದುಕಿಯೂ ಕೇಳಬೇಕಾಗಿರಲಿಲ್ಲ!

ಅದೇ ಕಾಲದಲ್ಲಿ ಕಲ್ಯಾಣದಲ್ಲಿ ಬಸವಣ್ಣನವರು ಬಿಜ್ಜಳನ ಭಂಡಾರವನ್ನು ನೋಡಿಕೊಳ್ಳುತ್ತಿದ್ದರು. ಅವರು ಲೆಕ್ಕದ ತಪ್ಪನ್ನು ಕಂಡುಹಿಡಿದು ಕರಣಿಕವೃತ್ತಿಯನ್ನು ಪಡೆದರೆಂದು ಹರಿಹರನು ತನ್ನ ರಗಳೆಯಲ್ಲಿ ಹೇಳಿರುವನು. ಮುಂದೆ ಭಂಡಾರದ ಧನವನ್ನು ಜಂಗಮರಿಗೆ ಸವೆಸಿದರೆಂದು ಚಾಡಿಕೋರರು ದೂರಿತ್ತಾಗ, ಬಸವಣ್ಣನವರು ಕೋಪಿಸಿಕೊಳ್ಳದೆ ಭಂಡಾರವನ್ನು ಎಣಿಸಿ ನೋಡಿಸಿದರೆಂದೂ ಹೊನ್ನು ಒಂದೂ ಕುಂದಿರಲಿಲ್ಲವೆಂದೂ ಪುರಾಣಗಳು ಸಾರುತ್ತಿವೆ. ಇದನ್ನು ಪವಾಡವೆಂದು ಹೇಳಿ ಕೈಮುಗಿದು ಮುಂದಕ್ಕೆ ಹೋಗುವುದು ನಮ್ಮ ರೂಢಿ. ಎಣಿಸಿ ನೋಡಿರೆಂದು ಬೀಗದ ಕೈಯನ್ನು ಮುಂದಿಟ್ಟುದು ಪವಾಡಕ್ಕಿಂತ ಮೊದಲಿನ ಸಂಗತಿಯಲ್ಲವೆ? ನನ್ನ ಮಟ್ಟಿಗೆ ಅದೇ ಹಿರಿದು.

ಇನ್ನು ನಮ್ಮ ನೆರೆಯಲ್ಲಿಯೇ ಹುಟ್ಟಿದ ಸಂಗತಿಗೆ ಬರುವೆನು. ಲಿಂಗಸುಗೂರಿನ ಸೀಮೆಯ ಅಮರೇಶ್ವರವು ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ಎಂಬ ಶರಣದಂಪತಿಗಳ ಊರು. ಮಸ್ಕಿಯೂ ಬಹುಕಾಲ ಲಿಂಗಸುಗೂರು ತಾಲೂಕಿಗೇ ಸೇರಿದ್ದುದರಿಂದ ಅವರನ್ನು ನಮ್ಮವರೆಂದು ಹೇಳಿಕೊಳ್ಳಲು ನಮಗೆ ಹಕ್ಕುಂಟು. ಈ ದಂಪತಿಗಳು ಕಲ್ಯಾಣಕ್ಕೆ ಹೋಗಿ, ಶರಣರ ಮನೆಯಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು, ಅದರಿಂದಲೇ ಜಂಗಮದಾಸೋಹವನ್ನು ನಡೆಸುತ್ತಿದ್ದರು. ಒಂದು ದಿನ ಮಾರಯ್ಯನವರು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದರು. ಲಕ್ಕಮ್ಮನವರು ಅದನ್ನು ನೋಡಿ, ಇದು ನಮ್ಮ ದಿನದ ಕಾಯಕಕ್ಕೆ ಮೀರಿದುದು, ಆಸೆಯು ಅರಸರಿಗೆ ಸಲ್ಲುವುದಲ್ಲದೆ ಶರಣರಿಗೆ ಸಲ್ಲದು, ಹೆಚ್ಚಾದುದನ್ನು ಇದ್ದಲ್ಲಿಯೇ ಸುರಿದು ಬನ್ನಿರೆಂದು ಪತಿಯನ್ನು ಹಿಂದಕ್ಕೆ ಕಳುಹಿದರು.

ಈ ಕಥೆಯನ್ನು ಕಾಯಕದ ಮಹಿಮೆಗಾಗಿ ಎಲ್ಲರೂ ಹೇಳುವರು. ನಾನು ಪಾಠಶಾಲೆಯಲ್ಲಿ ಇದನ್ನು ಎಷ್ಟೋ ಸಲ ಪಾಠ ಹೇಳಿದ್ದೇನೆ. ಆದರೂ ಇದು ದಾನದ ಲೆಕ್ಕದ ಕಥೆಯೂ ಹೌದೆಂಬುದು ಸಂತೆಯ ಮುದುಕಿಯು ಕೇಳುವವರೆಗೆ ನನಗೆ ತೋರಲಿಲ್ಲ. ಮಾರಯ್ಯನವರನ್ನು ಅಲ್ಲಿ ಯಾರೂ ಪ್ರಶ್ನಿಸಲಿಲ್ಲ. ಅಕ್ಕಿಯು ಚೆಲ್ಲಿದ್ದ ಅಂಗಳದ ಒಡೆಯರು ಕೇಳಲಿಲ್ಲ. ದಾರಿಯಲ್ಲಿ ಕಂಡವರು ಕೇಳಲಿಲ್ಲ. ಕೇಳಿದವರು ಒಲೆಯ ಮುಂದೆ ಕುಳಿತ ಗೃಹಿಣಿಯು. ಅದೂ ಎಸರಿಗೆ ಅಕ್ಕಿಯನ್ನು ಹಾಕುವ ಮೊದಲು. ನಾವು ಲೆಕ್ಕವೆಂದರೆ ಕಡಮೆಯಾದುದನ್ನು ಹುಡುಕುವ ಕೆಲಸವೆಂದು ತಿಳಿದಿದ್ದೇವೆ. ಲಕ್ಕಮ್ಮನವರು ಕೇಳಿದುದು ಹೆಚ್ಚಾದುದರ ಲೆಕ್ಕವನ್ನು. ಬೇಕಾದುದಕ್ಕಿಂತ ಮಿಗಿಲಾಗಿ ಕೂಡಿದ ಧನಧಾನ್ಯವು ಕದ್ದುದಲ್ಲವಾದರೂ ಅದು ಯಾರ ಬಾಯಿಗೆ ಸಲ್ಲಬೇಕಾಗಿದ್ದಿತೋ ಅವರಿಗೆ ತಪ್ಪಿತೆಂಬುದು ಅವರ ಭಾವವೆಂದು ನಾನು ತಿಳಿದಿರುವೆನು. ಮಠಗಳ ಉಗ್ರಾಣಗಳಲ್ಲಿ ನುಸಿ ಹಿಡಿದ ಧಾನ್ಯವನ್ನು ಕಂಡಾಗಲೆಲ್ಲ ಈ ಮಾತು ನೆನಪಿಗೆ ಬರುವುದು.

ಇತ್ತೀಚಿನ ಕಾಲದಲ್ಲಿ ಜೋಳಿಗೆಗೆ ಹೊಸ ಜೀವವನ್ನು ತಂದವರು ಹಾನಗಲ್ಲ ಶ್ರೀ ಕುಮಾರ ಮಹಾಸ್ವಾಮಿಗಳು (1867-1930). 1904ರಲ್ಲಿ ವೀರಶೈವ ಮಹಾಸಭೆಯೂ 1909ರಲ್ಲಿ ಮಲಪ್ರಭೆಯ ದಡದ ಶಿವಯೋಗಮಂದಿರವೂ ಅವರ ಪ್ರೇರಣೆಯಿಂದ ಹುಟ್ಟಿದುವು. ಅಂದಿನ ಮಹಾಸಭೆಯ ಮೊದಲ ಅಧಿವೇಶನಕ್ಕೆ ಅಧ್ಯಕ್ಷರಾಗಿದ್ದ ಸಿರಸಂಗಿಯ ಲಿಂಗರಾಜ ದೇಸಾಯರು ತಮ್ಮ ಸಂಸ್ಥಾನದ ಆಸ್ತಿಯನ್ನು ವಿದ್ಯಾರ್ಥಿಗಳ ನೆರವಿಗಾಗಿ ಮೃತ್ಯುಪತ್ರದ ಮೂಲಕ ಬಿಟ್ಟು 1906ರಲ್ಲಿ ಲಿಂಗೈಕ್ಯರಾದರು. ಒಂದು ಕಡೆ ದೇಸಾಯರ ಸಂಸ್ಥಾನ, ಇನ್ನೊಂದು ಕಡೆ ಬಡವನ ಹಿಡಿ ಜೋಳ. ವಿದ್ಯೆಯ ಅನ್ನವು ಎರಡರಿಂದಲೂ ಬೆಂದಿತು. ದೇಸಾಯರ ದಾನಕ್ಕೆ ಬರಹವಿದ್ದಿತು, ನ್ಯಾಯಾಲಯವಿದ್ದಿತು. ಹಿಡಿ ಜೋಳಕ್ಕೆ ಇದ್ದುದು ಬೇಡಲು ಬಂದ ಸ್ವಾಮಿಗಳ ಮೋರೆಯೊಂದೇ. ತುಮಕೂರು ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮಿಗಳು (1907-2019) ಹಳ್ಳಿಹಳ್ಳಿಗೆ ಹೋಗಿ ಧಾನ್ಯವನ್ನು ಕೂಡಿಸಿ ಸಾವಿರಾರು ಮಕ್ಕಳಿಗೆ ಉಣ್ಣಿಸಿದರು. ಕೊಟ್ಟವರು ಮಠಕ್ಕೆ ಹೋದಾಗ ತಮ್ಮ ಧಾನ್ಯವನ್ನು ಪಂಕ್ತಿಯಲ್ಲಿಯೇ ಕಾಣುತ್ತಿದ್ದರು. ಇಳಕಲ್ಲಿನ ಶ್ರೀ ಮಹಾಂತ ಸ್ವಾಮಿಗಳು 1975ರಿಂದ ಹಿಡಿದ ಮಹಾಂತ ಜೋಳಿಗೆಯ ಮಾತು ಬೇರೆ: ಅವರು ಬೇಡಿದುದು ಜನರ ಕುಡಿತ, ತಂಬಾಕು ಮೊದಲಾದ ದುಶ್ಚಟಗಳನ್ನು. ಲೆಕ್ಕ ಕೊಡಬೇಕಾಗಿಲ್ಲದ ಜೋಳಿಗೆಯೊಂದಿದ್ದರೆ ಅದು ಅದೊಂದೇ!

ಪರದೇಶಗಳಲ್ಲಿಯೂ ಇದೇ ತೊಡಕು ಹುಟ್ಟಿದುದುಂಟು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಬೀದಿಗಳಲ್ಲಿ ಚಿಕ್ಕ ಧ್ವಜಗಳನ್ನು ಎದೆಗೆ ಚುಚ್ಚಿ ಡಬ್ಬಿಯಲ್ಲಿ ಹಣವನ್ನು ಕೂಡಿಸುವವರು ಹೆಚ್ಚಿದರು. ಅವರಲ್ಲಿ ನಿಜವಾದವರಾರು ಸುಳ್ಳಾದವರಾರು ಎಂದು ತಿಳಿಯದಾಗಿ, ಬೀದಿಯ ವಂತಿಗೆಗೆ ಅಪ್ಪಣೆ ಬೇಕೆಂದು 1916ರಲ್ಲಿ ಕಾನೂನು ಮಾಡಿದರು. ಮಹಾತ್ಮಾ ಗಾಂಧಿಯವರಾದರೋ ಕಾನೂನಿಗಾಗಿ ಕಾಯಲಿಲ್ಲ. 1894ರಲ್ಲಿ ದಕ್ಷಿಣ ಆಫ್ರಿಕೆಯಲ್ಲಿ ನೇಟಾಲ್ ಇಂಡಿಯನ್ ಕಾಂಗ್ರೆಸ್ಸನ್ನು ಕಟ್ಟಿದಾಗಲೇ ಬಂದ ಹಣಕ್ಕೆಲ್ಲ ಪಾವತಿಯನ್ನು ಕೊಟ್ಟು, ಲೆಕ್ಕವು ಶುದ್ಧವಾಗಿರದೆ ಸತ್ಯವು ಶುದ್ಧವಾಗಿರಲಾರದೆಂಬ ಅಭಿಪ್ರಾಯವನ್ನು ಆತ್ಮಕಥೆಯಲ್ಲಿ ತಿಳಿಸಿರುವರು.

ನಮ್ಮ ಸೀಮೆಯಲ್ಲಿ ಹಿಂದೆ ಜೋಳಿಗೆಗೆ ಬೀಳುತ್ತಿದ್ದುದು ಜೋಳ, ಸಜ್ಜೆ, ತೊಗರಿ. 1953ರಲ್ಲಿ ತುಂಗಭದ್ರೆಯ ಅಣೆಕಟ್ಟಿನಿಂದ ನೀರು ಹರಿಯತೊಡಗಿದ ಮೇಲೆ ಸಿಂಧನೂರಿನ ಕಡೆಯ ಜೋಳಿಗೆಗೆ ಬತ್ತವು ಬೀಳತೊಡಗಿತು. ಈಗ ನೋಟು ಬೀಳುವುದು. ಕೈಯಲ್ಲಿನ ಫೋನಿನಿಂದಲೇ ಹಣ ಬರಲೆಂದು ಜೋಳಿಗೆಗೆ ಕ್ಯೂಆರ್ ಪಟವನ್ನು ಅಂಟಿಸಿದವರನ್ನೂ ಕಂಡಿದ್ದೇನೆ. ಜೋಳವಾದರೆ ಯಾರಾದರೂ ಉಂಡೇ ತೀರಬೇಕು, ಇಲ್ಲವೆ ನುಸಿ ಹಿಡಿಯಬೇಕು. ಹಣಕ್ಕೆ ನುಸಿ ಹಿಡಿಯುವುದಿಲ್ಲ, ಆದುದರಿಂದಲೇ ಅದರ ಹಾದಿಯು ಕಾಣುವುದಿಲ್ಲ. ಕೆಲವು ವರ್ಷಗಳ ಹಿಂದೆ ಬಸವಜಯಂತಿಯ ದಿನ, ಕಾವಿಯುಟ್ಟ ಇಬ್ಬರು ದೂರದ ಒಂದು ಮಠದ ಹೆಸರಿನ ಪಾವತಿ ಪುಸ್ತಕವನ್ನು ಹಿಡಿದುಬಂದು ಪಟ್ಟಿಯೆತ್ತಿಕೊಂಡು ಹೋದರು. ಆ ಮಠದವರು ಯಾರನ್ನೂ ಕಳುಹಿಸಿರಲಿಲ್ಲವೆಂದು ಬಳಿಕ ತಿಳಿಯಿತು. ಮಾರನೆಯ ವರ್ಷ ನಮ್ಮ ವಟುಗಳು ಹೋದಾಗ ಕೆಲವು ಬಾಗಿಲುಗಳು ತೆರೆಯಲಿಲ್ಲ. ತಪ್ಪು ಮಾಡಿದವರು ಹೋದರು; ಹಸಿದು ಬಂದವರು ಈ ಮಕ್ಕಳು. ಹೀಗಿರುವಾಗ ಬಾಗಿಲು ಮುಚ್ಚಿದವರಿಗಿಂತ, ಬಾಗಿಲಲ್ಲಿ ನಿಂತು ಕೇಳಿದ ಮುದುಕಿಯೇ ಜೋಳಿಗೆಗೆ ಹೆಚ್ಚಿನ ಮರ್ಯಾದೆಯನ್ನು ತೋರಿದಳೆಂದು ನನಗೆ ಈಗ ಅನ್ನಿಸುತ್ತದೆ. ನಂಬದವರು ಕೇಳುವುದಿಲ್ಲ, ಕೊಡುವುದನ್ನು ಬಿಡುತ್ತಾರೆ.

ಆ ಸೋಮವಾರದ ರಾತ್ರಿ ನಾನು ಉಗ್ರಾಣದ ಕಿರ್ದಿಗಳನ್ನು ತೆರೆಯಿಸಿ ನೋಡಿದೆನು. ಹಳೆಯ ಕಿರ್ದಿಗಳಲ್ಲಿ ಓಣಿಯ ಹೆಸರು, ಧಾನ್ಯದ ಹೆಸರು, ಸೇರು ಪಾವುಗಳ ಲೆಕ್ಕ, ಎದುರಿನ ಪುಟದಲ್ಲಿ ಅಂದು ಉಂಡವರ ಸಂಖ್ಯೆ, ಎಲ್ಲವೂ ದುಂಡಾದ ಅಕ್ಷರಗಳಲ್ಲಿ ಇದ್ದುವು. ಈಚಿನವುಗಳಲ್ಲಿ ಜೋಳಿಗೆಯ ಧಾನ್ಯ ಜಮಾ ಎಂಬ ಒಂದೇ ಸಾಲು. ಖರ್ಚಿನ ಪುಟವು ಅರ್ಧ ಬರಿದು. ಬರೆದ ಕೈ ನನ್ನದೇ. ಧಾನ್ಯವು ಎಲ್ಲಿಯೂ ಹೋಗಿರಲಿಲ್ಲ, ಮಕ್ಕಳು ಉಂಡಿದ್ದರು. ಆದರೆ ಅದನ್ನು ತೋರಿಸಲು ನನ್ನ ಬಳಿ ಆ ಮಕ್ಕಳ ಹೊರತು ಬೇರೆ ಸಾಕ್ಷಿ ಇರಲಿಲ್ಲ. ಮರುದಿನ ಶ್ರೀಗಳವರ ಸನ್ನಿಧಿಯಲ್ಲಿ ಇದನ್ನು ಬಿನ್ನವಿಸಿಕೊಂಡೆನು. ಶ್ರೀಗಳವರು ಬಹಳ ಹೊತ್ತು ಮಾತನಾಡಲಿಲ್ಲ. ಬಳಿಕ, ಶ್ರಾವಣದ ಕಡೆಯ ಸೋಮವಾರ ಪ್ರಸಾದಕ್ಕೆ ಮೊದಲು ಜಮಾಖರ್ಚನ್ನು ಅಂಗಳದಲ್ಲಿ ಓದಿ ಹೇಳಬೇಕೆಂದೂ ಓದುವವನು ನಾನೇ ಆಗಬೇಕೆಂದೂ ಅಪ್ಪಣೆ ಕೊಡಿಸಿದರು.

ಅಂದಿನಿಂದ ಜೋಳಿಗೆಯು ಮಠಕ್ಕೆ ಮರಳಿದ ಕೂಡಲೆ ವಟುಗಳು ಸುತ್ತಲೂ ಕುಳಿತು ಬರೆಯುವರು. ಮೊದಲನೆಯ ದಿನ ಆ ಚಿಕ್ಕ ವಟುವು ಲೇಖನಿಯನ್ನು ಹಿಡಿದು, ಸಂತೆಯ ಮುದುಕಿಯ ಹೆಸರನ್ನು ಕೇಳಲಿಲ್ಲವಲ್ಲ, ಏನೆಂದು ಬರೆಯಲಿ ಎಂದನು. ಸಂತೆಯ ಹಾದಿ, ಕಾಯಿಪಲ್ಲೆಯ ಅವ್ವ, ಜೋಳ ಒಂದು ಬೊಗಸೆ ಎಂದು ಬರೆಯಿಸಿದೆನು.