ಚಿನ್ನ ಅರಸಿ ಬಂದವನು ಕಂಡ ಮಣ್ಣಿನ ನಗರ

1828ರ ಏಪ್ರಿಲ್ 20ರಂದು ಸೂರ್ಯಾಸ್ತದ ವೇಳೆಗೆ ರೆನೆ ಕಾಯೆ ಎಂಬ ಫ್ರೆಂಚ್ ಯುವಕನು ಸಹಾರಾ ಮರುಭೂಮಿಯ ಅಂಚಿನಲ್ಲಿರುವ ಟಿಂಬಕ್ಟು ನಗರವನ್ನು ಪ್ರವೇಶಿಸಿದನು. ಆ ಕ್ಷಣದ ಸಂತೋಷವು ಹೆಚ್ಚು ಹೊತ್ತು ಉಳಿಯಲಿಲ್ಲ. ಅವನ ಕಣ್ಣಿಗೆ ಬಿದ್ದದ್ದು ಮಣ್ಣಿನ ಮನೆಗಳು ಮತ್ತು ಸುತ್ತಲೂ ಹಬ್ಬಿದ ಹಳದಿ ಮರಳು ಮಾತ್ರ. ಯುರೋಪು ಕನಸು ಕಂಡಿದ್ದ ಚಿನ್ನದ ನಗರ ಅಲ್ಲಿರಲಿಲ್ಲ.

ಈ ಕನಸಿಗೆ ಒಂದು ಹಿನ್ನೆಲೆಯಿದೆ. 1324ರಲ್ಲಿ ಮಾಲಿಯ ಸುಲ್ತಾನ ಮನ್ಸಾ ಮೂಸಾ ಹಜ್ ಯಾತ್ರೆಗೆ ಹೊರಟಾಗ ಕೈರೋದಲ್ಲಿ ಎಷ್ಟು ಚಿನ್ನವನ್ನು ಹಂಚಿದನೆಂದರೆ, ಅಲ್ಲಿ ಚಿನ್ನದ ಬೆಲೆಯೇ ಕುಸಿಯಿತು. ಅವನ ಕೀರ್ತಿಯೊಂದಿಗೆ ಟಿಂಬಕ್ಟುವಿನ ಹೆಸರೂ ದೂರ ದೇಶಗಳಿಗೆ ಹಬ್ಬಿತು. ಐನೂರು ವರ್ಷಗಳ ಬಳಿಕ, ಅಲ್ಲಿಗೆ ಹೋಗಿ ವಿವರ ತಂದವರಿಗೆ 10,000 ಫ್ರಾಂಕ್ ಬಹುಮಾನವನ್ನು ಪ್ಯಾರಿಸ್‌ನ ಭೂಗೋಳ ಸಂಘವು ಘೋಷಿಸಿತು. 1826ರಲ್ಲಿ ಅಲ್ಲಿಗೆ ತಲುಪಿದ್ದ ಸ್ಕಾಟ್ಲೆಂಡಿನ ಗಾರ್ಡನ್ ಲೈಂಗ್ ಹಿಂದಿರುಗುವ ದಾರಿಯಲ್ಲೇ ಹತನಾದನು. ಕಾಯೆ ಅರಬಿ ಭಾಷೆಯನ್ನೂ ಕುರ್‌ಆನ್ ಪಠಣವನ್ನೂ ಕಲಿತು, ನೆಪೋಲಿಯನ್ನನ ಸೇನೆಯು ಸೆರೆಹಿಡಿದೊಯ್ದಿದ್ದ ಈಜಿಪ್ಟಿನ ಮುಸಲ್ಮಾನನೆಂದು ಹೇಳಿಕೊಂಡು ಪಯಣಿಸಿದನು.

ಕಾಯೆ ಸುಳ್ಳು ಬರೆಯಲಿಲ್ಲ. ಈ ಪ್ರಾಮಾಣಿಕತೆಯನ್ನು ನಾವು ಗೌರವಿಸಬೇಕು. ನಗರವು ನಿಜವಾಗಿಯೂ ಸೊರಗಿತ್ತು. 1591ರಲ್ಲಿ ಮೊರಾಕ್ಕೋದ ಸೇನೆಯು ಬಂದೂಕುಗಳೊಂದಿಗೆ ಬಂದು ಸೊಂಗಾಯ್ ಸಾಮ್ರಾಜ್ಯವನ್ನು ಮುರಿಯಿತು. ಆಕ್ರಮಿಸಿದವರೂ ಮುಸಲ್ಮಾನರು, ಆಕ್ರಮಣಕ್ಕೆ ತುತ್ತಾದವರೂ ಮುಸಲ್ಮಾನರು ಎಂಬುದು ನಾವು ಮರೆಮಾಚಬಾರದ ಕಹಿ ಸತ್ಯ. ನಗರದ ವಿದ್ವಾಂಸರನ್ನು ಬಂಧಿಸಿ ಮರಾಕೇಶ್‌ಗೆ ಒಯ್ಯಲಾಯಿತು. ಅವರಲ್ಲೊಬ್ಬರಾದ ಅಹ್ಮದ್ ಬಾಬಾ ತಮ್ಮ 1,600 ಗ್ರಂಥಗಳನ್ನು ಕಳೆದುಕೊಂಡರು. ತಮ್ಮ ಬಂಧುಗಳ ಸಂಗ್ರಹಗಳಿಗೆ ಹೋಲಿಸಿದರೆ ತಮ್ಮದೇ ಅತಿ ಚಿಕ್ಕದೆಂದು ಅವರು ಹೇಳಿದ್ದರಂತೆ. 1608ರಲ್ಲಿ ಅವರು ತಾಯ್ನಾಡಿಗೆ ಮರಳಿದರಾದರೂ ಹಿಂದಿನ ವೈಭವ ಮರಳಲಿಲ್ಲ.

ಹಾಗಾದರೆ ಕಾಯೆಯ ನೋಟದಲ್ಲಿದ್ದ ಕೊರತೆ ಯಾವುದು? ಅವನು ಅಳತೆಗೋಲನ್ನು ಮನೆಯಿಂದಲೇ ತಂದಿದ್ದನು. ಟಿಂಬಕ್ಟುವಿನ ಸಂಪತ್ತು ಗೋಡೆಗಳ ಮೇಲಿರಲಿಲ್ಲ. 16ನೇ ಶತಮಾನದಲ್ಲಿ ಈ ಪ್ರದೇಶದ ಬಗ್ಗೆ ಬರೆದ ಹಸನ್ ಅಲ್ ವಝ್ಝಾನ್, ಅಲ್ಲಿ ಇತರ ಸರಕುಗಳಿಗಿಂತ ಹಸ್ತಪ್ರತಿಗಳ ಮಾರಾಟದಿಂದಲೇ ಹೆಚ್ಚು ಲಾಭ ಬರುತ್ತದೆಂದು ದಾಖಲಿಸಿದ್ದಾನೆ. ಫಿಕ್‌ಹ್, ಖಗೋಳ, ವೈದ್ಯ, ವ್ಯಾಕರಣಗಳ ಆ ಗ್ರಂಥಗಳು ಅದೇ ಮಣ್ಣಿನ ಮನೆಗಳ ಪೆಟ್ಟಿಗೆಗಳಲ್ಲಿ ತಲೆಮಾರುಗಳಿಂದ ಸುರಕ್ಷಿತವಾಗಿದ್ದವು.

ಇನ್ನೊಂದು ಸಂಪತ್ತನ್ನು ಕಾಯೆ ಕಂಡನು, ಬರೆದೂ ಇಟ್ಟನು. ಆದರೆ ಅದನ್ನು ಸಂಪತ್ತೆಂದು ಎಣಿಸಿದನೋ ಇಲ್ಲವೋ! ಟಿಂಬಕ್ಟು ತಲುಪುವ ಮೊದಲು ದಾರಿಯಲ್ಲಿ ಅವನು ರೋಗದಿಂದ ತಿಂಗಳುಗಟ್ಟಲೆ ಮಲಗಿದ್ದಾಗ ಒಬ್ಬ ವೃದ್ಧೆ ಅವನ ಆರೈಕೆ ಮಾಡಿದಳು. ಟಿಂಬಕ್ಟುವಿನಲ್ಲಿ ಸೀದಿ ಅಬ್ದುಲ್ಲಾಹಿ ಎಂಬ ವರ್ತಕನು ಅವನಿಗೆ ಆಶ್ರಯ ನೀಡಿ ಆದರದಿಂದ ನೋಡಿಕೊಂಡನು. ಅವರು ಆದರಿಸಿದ್ದು ಬಡ ಪ್ರಯಾಣಿಕನನ್ನು. ಅವನು ಮುಚ್ಚಿಟ್ಟಿದ್ದ ಗುಟ್ಟು ಅವರಿಗೆ ತಿಳಿದಿರಲಿಲ್ಲ. ಎರಡು ವಾರಗಳ ಬಳಿಕ ಅವನು ಒಂಟೆಗಳ ಸಾರ್ಥದೊಂದಿಗೆ ಮರುಭೂಮಿ ದಾಟಿ ಫ್ರಾನ್ಸಿಗೆ ಮರಳಿದನು. ಬಹುಮಾನವೂ ದೊರೆಯಿತು.

2012ರಲ್ಲಿ ಶಸ್ತ್ರಧಾರಿ ಗುಂಪುಗಳು ಧರ್ಮದ ಹೆಸರಿನಲ್ಲಿ ಟಿಂಬಕ್ಟುವನ್ನು ವಶಪಡಿಸಿಕೊಂಡು ವಲಿಗಳ ಸಮಾಧಿಗಳನ್ನು ಕೆಡವಿದವು. ಆಗ ಅಲ್ಲಿನ ಕುಟುಂಬಗಳೂ ಗ್ರಂಥಪಾಲಕರೂ ಜೀವದ ಹಂಗು ತೊರೆದು ಲಕ್ಷಾಂತರ ಹಸ್ತಪ್ರತಿಗಳನ್ನು ಪೆಟ್ಟಿಗೆಗಳಲ್ಲಿ ತುಂಬಿ ರಾಜಧಾನಿ ಬಮಾಕೊಗೆ ಸಾಗಿಸಿದರು.

ಗತವೈಭವವನ್ನು ಹಾಡಿ ಹೊಗಳುವ ನಾವೂ ಒಮ್ಮೆ ಯೋಚಿಸಬೇಕಿದೆ. ಮನ್ಸಾ ಮೂಸಾನ ಚಿನ್ನ ಕರಗಿಹೋಯಿತು. ಉಳಿದದ್ದು ಸಾಮಾನ್ಯ ಜನರು ಕಾಪಾಡಿದ ವಿದ್ಯೆ ಮತ್ತು ಅಪರಿಚಿತನಿಗೆ ತೆರೆದ ಬಾಗಿಲು. ನಾಳೆ ಒಬ್ಬ ಪ್ರಯಾಣಿಕನು ನಮ್ಮ ಊರಿಗೆ ಬಂದರೆ, ಮಸೀದಿಯ ಮಿನಾರಗಳ ಎತ್ತರವನ್ನಲ್ಲದೆ ತೋರಿಸಲು ನಮ್ಮ ಮನೆಗಳ ಪೆಟ್ಟಿಗೆಗಳಲ್ಲಿ ಏನಿದೆ?