ಸೋರುವ ಎಣ್ಣೆಯೂ ಸ್ಟೀರಿಂಗಿನ ಚರಿತ್ರೆಯೂ

ಮುಚ್ಚಿದ ಪಾತ್ರೆಯಲ್ಲಿರುವ ದ್ರವದ ಮೇಲೆ ಹಾಕಿದ ಒತ್ತಡವು ಎಲ್ಲ ದಿಕ್ಕುಗಳಿಗೂ ಸಮನಾಗಿ ಹರಡುತ್ತದೆಂಬ ಪಾಸ್ಕಲನ ನಿಯಮ ನನ್ನ ತರಗತಿಯಲ್ಲಿ ಕುಳಿತಿದ್ದ ನಿಮಗೆಲ್ಲ ನೆನಪಿರಬಹುದು. ಅದನ್ನು ವಿವರಿಸುವ ಪಾಸ್ಕಲನ ಗ್ರಂಥವು ಅವನು ತೀರಿಕೊಂಡ ಮರುವರ್ಷ, 1663ರಲ್ಲಿ, ಪ್ರಕಟವಾಯಿತು. ಉದಾಹರಣೆ ಕೊಡುವಾಗ ನಾನು ಹೈಡ್ರಾಲಿಕ್ ಪ್ರೆಸ್ಸನ್ನೂ ಕಾರಿನ ಬ್ರೇಕನ್ನೂ ಹೇಳುತ್ತಿದ್ದೆ. ಪವರ್ ಸ್ಟೀರಿಂಗ್ ಅಂದು ನಮ್ಮ ಕಡೆ ಕಾಣಸಿಗುತ್ತಿರಲಿಲ್ಲ. ಅಂಬಾಸಿಡರ್ ಕಾರಾಗಲಿ, ಕೆಂಪು ಬಸ್ಸಾಗಲಿ, ತಿರುವಿನಲ್ಲಿ ಚಾಲಕನ ತೋಳ್ಬಲವನ್ನೇ ನಂಬಿತ್ತು.

ಈಗ ಅಮೆರಿಕದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ 1966ರ ಫೋರ್ಡ್ ಮಸ್ಟಾಂಗ್ ಕಾರೊಂದನ್ನು ಕೊಂಡಿದ್ದಾನೆ. ಅದರ ಪವರ್ ಸ್ಟೀರಿಂಗಿನಿಂದ ಎಣ್ಣೆ ಸೋರುತ್ತಿದೆಯೆಂದೂ, ಈ ವ್ಯವಸ್ಥೆ ಹುಟ್ಟಿದ ಬಗೆಯನ್ನು ತಿಳಿಸಬೇಕೆಂದೂ ಬರೆದಿದ್ದ. ಅವನಿಗೆ ಕೊಟ್ಟ ಉತ್ತರವನ್ನು ಕೊಂಚ ವಿಸ್ತರಿಸಿ ಇಲ್ಲಿ ಇಡುತ್ತಿದ್ದೇನೆ.

ಫ್ರಾನ್ಸಿಸ್ ಡೇವಿಸ್ (1887–1978) ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಓದಿದ ಎಂಜಿನಿಯರ್. ಪಿಯರ್ಸ್-ಆರೋ ಕಂಪನಿಯ ಲಾರಿ ವಿಭಾಗದಲ್ಲಿದ್ದಾಗ, ಭಾರವಾದ ವಾಹನಗಳ ಚಕ್ರ ತಿರುಗಿಸಲು ಚಾಲಕರು ಪಡುವ ಪಾಡನ್ನು ಆತ ಕಣ್ಣಾರೆ ಕಂಡಿದ್ದರು. ಆ ಕೆಲಸವನ್ನು ಬಿಟ್ಟು ಮ್ಯಾಸಚೂಸೆಟ್ಸ್ ರಾಜ್ಯದ ವಾಲ್ತಮ್ ಊರಿನಲ್ಲಿ ಚಿಕ್ಕದೊಂದು ಕಾರ್ಯಾಗಾರ ಹೂಡಿದರು.

ಅವರಿಗೆ ಎದುರಾದ ಮುಖ್ಯ ತೊಡಕು ಸೋರಿಕೆಯೇ. ಅಂದಿನ ಹೈಡ್ರಾಲಿಕ್ ಯಂತ್ರಗಳಲ್ಲಿ ವಾಲ್ವನ್ನು ಮುಚ್ಚಿ, ಎಣ್ಣೆಯನ್ನು ಸದಾ ಹೆಚ್ಚಿನ ಒತ್ತಡದಲ್ಲಿ ಹಿಡಿದಿಡುವುದು ರೂಢಿ. ಹಗಲಿರುಳು ಒತ್ತಡದಲ್ಲಿರುವ ಎಣ್ಣೆ ಸಂದು ಸಿಕ್ಕಲ್ಲಿ ಹೊರಬರುವುದು ಸಹಜ. ಡೇವಿಸ್ ಈ ರೂಢಿಯನ್ನು ತಿರುಗುಮುರುಗು ಮಾಡಿದರು. ಅವರ ವಾಲ್ವು ಸಾಮಾನ್ಯ ಸ್ಥಿತಿಯಲ್ಲಿ ತೆರೆದೇ ಇರುತ್ತದೆ; ಪಂಪಿನಿಂದ ಹೊರಟ ಎಣ್ಣೆ ಸುಮ್ಮನೆ ಸುತ್ತಿ ಬರುತ್ತದೆ. ಚಾಲಕನು ಚಕ್ರವನ್ನು ತಿರುಗಿಸಿದಾಗ ಮಾತ್ರ ವಾಲ್ವು ಒಂದು ಕಡೆ ಕಿರಿದಾಗಿ, ಒತ್ತಡ ಏರಿ, ಪಿಸ್ಟನ್ನನ್ನು ನೂಕುತ್ತದೆ.

1926ರಲ್ಲಿ ಅವರು ತಮ್ಮ ಪಿಯರ್ಸ್-ಆರೋ ಕಾರಿಗೆ ಈ ವ್ಯವಸ್ಥೆಯನ್ನು ಅಳವಡಿಸಿ ಓಡಿಸಿ ತೋರಿಸಿದರು. ಜನರಲ್ ಮೋಟರ್ಸ್ ಒಪ್ಪಂದವನ್ನೂ ಮಾಡಿಕೊಂಡಿತು. ಆದರೆ ಆರ್ಥಿಕ ಮಹಾಕುಸಿತ ಬಂದೆರಗಿತು. ಮಾರಾಟವಾಗುವ ಕೆಲವೇ ಕಾರುಗಳಿಗೆ ಈ ವೆಚ್ಚ ದುಬಾರಿಯೆಂದು ಲೆಕ್ಕಹಾಕಿ, ಕಂಪನಿ 1934ರಲ್ಲಿ ಯೋಜನೆಯನ್ನು ಕೈಬಿಟ್ಟಿತು. 1936ರಲ್ಲಿ ಬೆಂಡಿಕ್ಸ್ ಕಂಪನಿ ಡೇವಿಸ್‌ರ ಕೈಹಿಡಿಯಿತು. ಎರಡನೆಯ ಮಹಾಯುದ್ಧದಲ್ಲಿ ಸೇನೆಯ ಭಾರೀ ವಾಹನಗಳು ಈ ವಿದ್ಯೆಯನ್ನು ಬಳಸಿಕೊಂಡವು. ಸಾಮಾನ್ಯ ಗ್ರಾಹಕನಿಗೆ ಅದು ದೊರೆತದ್ದು 1951ರಲ್ಲಿ, ಕ್ರೈಸ್ಲರ್ ಇಂಪೀರಿಯಲ್ ಕಾರಿನಲ್ಲಿ. ಅವಧಿ ಮುಗಿದಿದ್ದ ಡೇವಿಸ್‌ರ ಪೇಟೆಂಟುಗಳೇ ಅದಕ್ಕೆ ಆಧಾರವಾಗಿದ್ದವು. ಒಂದು ಒಳ್ಳೆಯ ವಿಚಾರ ಜನರ ಕೈ ಸೇರಲು ಇಪ್ಪತ್ತೈದು ವರ್ಷ ಬೇಕಾಯಿತು.

ಇನ್ನು ಶಿಷ್ಯನ ಮಸ್ಟಾಂಗಿನ ವಿಷಯ. ಅದರಲ್ಲಿ ಪಂಪು, ನಿಯಂತ್ರಣ ವಾಲ್ವು, ಸಿಲಿಂಡರು ಇವು ಬೇರೆ ಬೇರೆ ಕಡೆ ಇದ್ದು ನಾಲ್ಕು ಹೋಸ್ ಪೈಪುಗಳಿಂದ ಕೂಡಿಕೊಂಡಿವೆ. ಹೆಚ್ಚು ಕೂಡಿಕೆಗಳಿದ್ದಷ್ಟೂ ಸೋರಲು ಹೆಚ್ಚು ಬಾಗಿಲುಗಳು. ತೊಟ್ಟಿಕ್ಕುವ ಜಾಗವೇ ಸೋರುವ ಜಾಗವೆಂದು ನಂಬಬಾರದು. ಎಣ್ಣೆ ಪೈಪಿನ ಗುಂಟ ಹರಿದು ಎಲ್ಲೋ ಕೆಳಗೆ ಹನಿಯುತ್ತದೆ. ಆದ್ದರಿಂದ ಮೊದಲು ಎಲ್ಲವನ್ನೂ ಶುಚಿಯಾಗಿ ಒರೆಸಬೇಕು. ಎಂಜಿನ್ ಓಡುತ್ತಿರುವಾಗ ಒಬ್ಬರು ಸ್ಟೀರಿಂಗನ್ನು ಎರಡೂ ಕಡೆ ತಿರುಗಿಸುತ್ತಿರಲಿ, ಇನ್ನೊಬ್ಬರು ಬೆಲ್ಟಿನಿಂದ ಕೈ ದೂರವಿಟ್ಟು, ಎಣ್ಣೆ ಮೊದಲು ಜಿನುಗುವ ತಾಣವನ್ನು ನೋಡಲಿ. ಪಂಪಿನ ಶಾಫ್ಟಿನ ಸೀಲು, ಸಿಲಿಂಡರಿನ ದಂಡದ ಸೀಲು, ವಾಲ್ವಿನ ತುದಿ, ಹೋಸಿನ ಕೂಡಿಕೆ ಇವನ್ನು ಮುಖ್ಯವಾಗಿ ಗಮನಿಸಬೇಕು.

ಸೋರಿಕೆ ನಿಲ್ಲಿಸುವುದೆಂದು ಮಾರುವ ದ್ರಾವಣಗಳು ಒಣಗಿದ ರಬ್ಬರನ್ನು ಉಬ್ಬಿಸಿ ಕೆಲವು ಕಾಲ ಉಪಶಮನ ನೀಡಬಹುದು. ಸವೆದ ಸೀಲನ್ನಾಗಲಿ ಸೀಳಿದ ಹೋಸನ್ನಾಗಲಿ ಬದಲಿಸುವುದೇ ನಿಜವಾದ ಚಿಕಿತ್ಸೆ. ಬ್ರೇಕಿನ ದ್ರವವನ್ನು ಇದಕ್ಕೆ ಎಂದಿಗೂ ಸುರಿಯಕೂಡದು, ಅದು ಈ ಸೀಲುಗಳನ್ನು ಕೆಡಿಸುತ್ತದೆ. ಉದಾಸೀನವೂ ಸಲ್ಲದು. ಕಾದ ಸೈಲೆನ್ಸರ್ ಪೈಪಿನ ಮೇಲೆ ಎಣ್ಣೆ ಬಿದ್ದರೆ ಬೆಂಕಿ ಹೊತ್ತಿಕೊಳ್ಳುವ ಅಪಾಯವಿದೆ. ಎಣ್ಣೆ ಪೂರ್ತಿ ಬರಿದಾದರೂ ಚಕ್ರಕ್ಕೂ ಸ್ಟೀರಿಂಗಿಗೂ ನಡುವಿನ ಲೋಹದ ಸಂಪರ್ಕ ಉಳಿದಿರುತ್ತದೆ. ಕಾರು ತಿರುಗುತ್ತದೆ, ಆದರೆ ನಮ್ಮ ಹಳೆಯ ಬಸ್ ಚಾಲಕರಷ್ಟು ಬಲ ಬೇಕು.

1988ರಲ್ಲಿ ಸುಜುಕಿಯ ಸೆರ್ವೋ ಕಾರಿಗೆ ವಿದ್ಯುತ್ ಮೋಟಾರಿನ ಸ್ಟೀರಿಂಗ್ ಬಂತು. ಇಂದಿನ ಬಹುತೇಕ ಹೊಸ ಕಾರುಗಳಲ್ಲಿ ಸ್ಟೀರಿಂಗಿಗೆ ಎಣ್ಣೆಯೇ ಇಲ್ಲ. ಸೋರಿಕೆಯ ಮೂಲವನ್ನು ಕಣ್ಣಿನಿಂದಲೇ ಗುರುತಿಸುವ ಮೆಕ್ಯಾನಿಕ್ಕರೂ ವಿರಳರಾಗುತ್ತಿದ್ದಾರೆ. ಅಂಥವರೊಬ್ಬರು ದೊರೆತರೆ ಜೊತೆಯಲ್ಲಿ ನಿಂತು ಕೆಲಸ ಕಲಿತುಕೋ ಎಂದು ಶಿಷ್ಯನಿಗೆ ಬರೆದಿದ್ದೇನೆ. ಪಾಸ್ಕಲನ ನಿಯಮವನ್ನು ನಾನು ಕರಿಹಲಗೆಯ ಮೇಲೆ ತೋರಿಸಿದೆ. ಅದರ ಉಳಿದ ಪಾಠ ಆ ಕಾರಿನ ಕೆಳಗಿದೆ.