ಗರ್ಜನೆಗೆ ಕಡಿವಾಣ

ಸದ್ದು ಹೆಚ್ಚಿದಲ್ಲಿ ಸಂಗೀತ ಕುಗ್ಗುತ್ತದೆಂದು ಹಿರಿಯರು ಹೇಳುವುದುಂಟು. ಆದರೆ ಸದ್ದು ಅತಿಯಾದಾಗಲೇ ಹುಟ್ಟುವ ನಾದವೂ ಒಂದುಂಟು. ಅದು ವಿದ್ಯುತ್ ಗಿಟಾರಿನ ಒಡಕು ದನಿ. ಆ ದನಿಯನ್ನು ಉಳಿಸಿಕೊಂಡು ಅಬ್ಬರವನ್ನಷ್ಟೇ ಕಳೆಯುವುದು ಹೇಗೆ? ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂಬಂಥ ಈ ಪ್ರಶ್ನೆಗೆ ಪಶ್ಚಿಮದ ವಾದಕರು ಕಂಡುಕೊಂಡ ಉತ್ತರದ ಕಥೆ ಇದು.

ತಂತಿಯ ಕಂಪನದಿಂದ ಹುಟ್ಟುವ ವಿದ್ಯುತ್ ಸಂಕೇತ ಬಲು ದುರ್ಬಲವಾದದ್ದು. ಅದು ಆಂಪ್ಲಿಫೈಯರಿನ ಸಣ್ಣ ವಾಲ್ವುಗಳಲ್ಲಿ ಪುಷ್ಟಿಗೊಂಡು, ದೊಡ್ಡ ವಾಲ್ವುಗಳಲ್ಲಿ ಶಕ್ತಿ ಪಡೆದು, ಟ್ರಾನ್ಸ್‌ಫಾರ್ಮರನ್ನು ದಾಟಿ ಸ್ಪೀಕರನ್ನು ಸೇರುತ್ತದೆ. ದೊಡ್ಡ ವಾಲ್ವುಗಳನ್ನು ಮಿತಿಮೀರಿ ದುಡಿಸಿದರೆ ಅಲೆಯ ನೆತ್ತಿ ಮೊಟಕಾಗಿ, ಮೂಲದಲ್ಲಿಲ್ಲದ ಉಪಸ್ವರಗಳು ಸೇರಿಕೊಳ್ಳುತ್ತವೆ. ಇಂಜಿನಿಯರರಿಗೆ ಇದು ದೋಷ, ವಾದಕರಿಗೆ ಗುಣ. ಇಂಥದೊಂದು ಒರಟು ದನಿಯ ಆಸೆಗೆ ಇಂಗ್ಲೆಂಡಿನ ಡೇವ್ ಡೇವಿಸ್ ತಮ್ಮ ಸ್ಪೀಕರಿನ ಕಾಗದವನ್ನೇ ಬ್ಲೇಡಿನಿಂದ ಸೀಳಿದ್ದರು. 1964ರಲ್ಲಿ ಅವರ ತಂಡದ ಹಾಡು ಆ ದನಿಯಿಂದಲೇ ಮನೆಮಾತಾಯಿತು.

ಲಂಡನ್ನಿನ ಹ್ಯಾನ್‌ವೆಲ್‌ನಲ್ಲಿ ಡ್ರಮ್ಮುಗಳ ಅಂಗಡಿ ಇಟ್ಟಿದ್ದ ಜಿಮ್ ಮಾರ್ಷಲ್ 1962ರಲ್ಲಿ, ಅಮೆರಿಕದ ಫೆಂಡರ್ ಯಂತ್ರವೊಂದರ ಮಾದರಿಯಲ್ಲಿ ತಮ್ಮ ಮೊದಲ ಆಂಪ್ಲಿಫೈಯರನ್ನು ಹೊರತಂದರು. 1965ರ ಹೊತ್ತಿಗೆ ಪೀಟ್ ಟೌನ್‌ಶೆಂಡ್ ಮೊದಲಾದವರ ಬೇಡಿಕೆಯಿಂದ ಅದು 100 ವಾಟ್‌ಗೆ ಏರಿತು. 1966ರಲ್ಲಿ ಎರಿಕ್ ಕ್ಲಾಪ್ಟನ್, ಜಾನ್ ಮೇಯಲ್ ಅವರ ತಂಡದೊಡನೆ ಡೆಕ್ಕಾ ಸ್ಟುಡಿಯೋಕ್ಕೆ ಹೋದಾಗ, ವೇದಿಕೆಯ ಮೇಲಿನಷ್ಟೇ ಸದ್ದಿನಲ್ಲಿ ನುಡಿಸುವೆನೆಂದು ಹಟ ಹಿಡಿದರು. ಮೆಲ್ಲನೆ ನುಡಿಸುವುದೇ ಅಲ್ಲಿನ ವಾಡಿಕೆಯಾಗಿತ್ತು. ಆ ಹಟದಿಂದ ಹುಟ್ಟಿದ ದನಿಯನ್ನು ಮುಂದೆ ಎಲ್ಲರೂ ಬಯಸಿದರು. ಆದರೆ ಎಲ್ಲರಿಗೂ ಸ್ಟುಡಿಯೋ ಎಲ್ಲಿಂದ ಬರಬೇಕು? ಮನೆಯಲ್ಲಿ ನುಡಿಸಿದರೆ ನೆರೆಯವರು ಸುಮ್ಮನಿರುವರೆ?

ಸ್ಪೀಕರನ್ನು ಕಿತ್ತು ನುಡಿಸುವಂತಿಲ್ಲ. ಹೊರೆಯಿಲ್ಲದೆ ದುಡಿದರೆ ಟ್ರಾನ್ಸ್‌ಫಾರ್ಮರೇ ಸುಟ್ಟುಹೋಗಬಹುದು. ಸಂಕೇತವನ್ನು ಮೊದಲೇ ತಗ್ಗಿಸಿದರೆ ದೊಡ್ಡ ವಾಲ್ವುಗಳು ದಣಿಯವು, ಬಯಸಿದ ದನಿ ಹುಟ್ಟದು. ಉಳಿದದ್ದು ಒಂದೇ ದಾರಿ: ಆಂಪ್ಲಿಫೈಯರಿಗೂ ಸ್ಪೀಕರಿಗೂ ನಡುವೆ ಒಂದು ಪೆಟ್ಟಿಗೆಯನ್ನಿಟ್ಟು, ಹುಟ್ಟಿದ ಶಕ್ತಿಯನ್ನು ಅಲ್ಲಿ ಶಾಖವಾಗಿಸುವುದು. ಮಸಾಚುಸೆಟ್ಸಿನಲ್ಲಿ ಶಿಕ್ಷಣ ಪಡೆದ ಇಂಜಿನಿಯರ್ ಟಾಮ್ ಶೋಲ್ಜ್ ಈ ದಾರಿಯನ್ನು ಜನಪ್ರಿಯಗೊಳಿಸಿದವರಲ್ಲಿ ಮುಖ್ಯರು. ಪೋಲರಾಯ್ಡ್ ಕಂಪನಿಯಲ್ಲಿ ನೌಕರಿ ಮಾಡುತ್ತಲೇ, 1976ರಲ್ಲಿ ಹೊರಬಂದ ‘ಬಾಸ್ಟನ್’ ತಂಡದ ಮೊದಲ ಧ್ವನಿಮುದ್ರಿಕೆಯ ಬಹುಭಾಗವನ್ನು ಅವರು ಮನೆಯ ನೆಲಮಾಳಿಗೆಯಲ್ಲಿ ಸಿದ್ಧಪಡಿಸಿದ್ದರು. 1980ರಲ್ಲಿ ಸ್ವಂತ ಕಂಪನಿ ತೆರೆದು ‘ಪವರ್ ಸೋಕ್’ ಎಂಬ ಪೆಟ್ಟಿಗೆಯನ್ನು ಮಾರಾಟಕ್ಕಿಟ್ಟರು. ಶಕ್ತಿಯನ್ನು ಹೀರುವುದೇ ಅದರ ಕೆಲಸ. ಹೆಸರೂ ಅದನ್ನೇ ಹೇಳುತ್ತದೆ.

ಎಷ್ಟು ಹೀರಬೇಕು? 100 ವಾಟ್ 10ಕ್ಕೆ ಇಳಿದರೂ ನಮ್ಮ ಕಿವಿಗೆ ಸದ್ದು ಹೆಚ್ಚುಕಡಿಮೆ ಅರ್ಧವಾದಂತೆ ಮಾತ್ರ ತೋರುತ್ತದೆ. 1 ವಾಟ್‌ಗೆ ಇಳಿಸಬೇಕಾದರೆ 99 ವಾಟ್ ಪೆಟ್ಟಿಗೆಯೊಳಗೆ ಶಾಖವಾಗಬೇಕು! ಶಕ್ತಿಯ ಸ್ವಲ್ಪ ಭಾಗವನ್ನು ಸ್ಪೀಕರಿಗೆ ಬಿಡುವ ಪೆಟ್ಟಿಗೆ ಅಟೆನ್ಯುಯೇಟರ್. ಎಲ್ಲವನ್ನೂ ತಾನೇ ನುಂಗಿ, ಚಿಟಿಕೆಯಷ್ಟು ಸಂಕೇತವನ್ನು ಧ್ವನಿಮುದ್ರಣಕ್ಕೆ ಕೊಡುವುದು ಲೋಡ್ ಬಾಕ್ಸ್. ಆ ಚಿಟಿಕೆಗೆ ಪ್ರತಿಧ್ವನಿಯನ್ನು ಬೆರೆಸಿ ಮತ್ತೊಂದು ಆಂಪ್ಲಿಫೈಯರಿಗೆ ಕಳುಹಿಸುವವರೂ ಉಂಟು. ಒಡಕು ದನಿ ಮೊದಲೇ ಹುಟ್ಟಿರುವುದರಿಂದ ಪ್ರತಿಧ್ವನಿ ಕಲಸಿಹೋಗುವುದಿಲ್ಲ.

ಆದರೆ ಅದು ಮೊದಲಿನ ದನಿಯಲ್ಲ ಎಂದು ಹಳಬರು ತಕರಾರು ತೆಗೆಯುತ್ತಾರೆ. ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ಸ್ಪೀಕರು ಒಡ್ಡುವ ತಡೆ ಸ್ವರದಿಂದ ಸ್ವರಕ್ಕೆ ಬದಲಾಗುತ್ತದೆ. ಬರಿಯ ರೆಸಿಸ್ಟರಿನದು ಬದಲಾಗದು. ಸುರುಳಿಗಳನ್ನೂ ಕೆಪಾಸಿಟರುಗಳನ್ನೂ ಸೇರಿಸಿ ಸ್ಪೀಕರಿನ ನಡತೆಯನ್ನು ಅನುಕರಿಸುವ ಪೆಟ್ಟಿಗೆಗಳು ಬಂದದ್ದು ಈ ಕೊರತೆ ನೀಗಲೆಂದೇ. ಸ್ಪೀಕರಿನ ಮರದ ಗೂಡು ಕೊಡುವ ಬಣ್ಣವನ್ನು ಈಗ ಗಣಕವೇ ಲೆಕ್ಕಹಾಕಿ ಕೊಡುತ್ತದೆ. ಇಷ್ಟಾದರೂ ನಮ್ಮ ಕಿವಿಯ ಸ್ವಭಾವ ಬದಲಾಗದು. ಸದ್ದು ತಗ್ಗಿದಾಗ ಮಂದ್ರಸ್ವರಗಳು ಮತ್ತಷ್ಟು ಮಂಕಾಗಿ ಕೇಳುವುದನ್ನು ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ತೋರಿಸಿದ್ದರು.

ಹಾಗಾದರೆ ಗರ್ಜನೆಯನ್ನೇ ನೆಚ್ಚಬೇಕೆ? 100 ವಾಟ್ ಬೇಡಿದ ಟೌನ್‌ಶೆಂಡ್, ವರ್ಷಗಳ ಸದ್ದಿನಿಂದ ತಮ್ಮ ಶ್ರವಣಶಕ್ತಿ ಕುಂದಿತೆಂದು ಮುಂದೆ ತಾವೇ ಬಹಿರಂಗವಾಗಿ ಹೇಳಿಕೊಂಡರು. ಕಳೆದ ಮಂದ್ರಸ್ವರವನ್ನು ಗುಂಡಿ ತಿರುವಿ ಮರಳಿ ಪಡೆಯಬಹುದು. ಕಳೆದ ಕಿವಿಯನ್ನು ಮರಳಿ ಪಡೆಯುವ ಗುಂಡಿ ಯಾವ ಪೆಟ್ಟಿಗೆಯಲ್ಲಿಯೂ ಇಲ್ಲ. ನಾದಕ್ಕಾಗಿ ಬಾಳುವವನು ಆ ನಾದವನ್ನು ಕೊನೆಯವರೆಗೂ ಕೇಳುವಂತಿರಬೇಕು. ಅದಕ್ಕಾಗಿ ಒಂದಿಷ್ಟು ದನಿ ಬಿಸಿಯಾಗಿ ಗಾಳಿಗೆ ಸೇರಿಹೋದರೆ ನಷ್ಟವೆನ್ನಲಾದೀತೆ?